ಲೆಕ್ಕ ಬಲ್ಲ ಯುದ್ಧಮಂತ್ರಿ

ಕರಿಹಲಗೆಯ ಮೇಲೆ ಸೀಮೆಸುಣ್ಣವನ್ನು ಎಳೆದರೆ ನೇರವಾದ ಗೆರೆ ಮೂಡುತ್ತದೆ. ಅದೇ ಸೀಮೆಸುಣ್ಣವನ್ನು ಓರೆಯಾಗಿ ಹಿಡಿದು, ತುಸು ಬಲವಾಗಿ ಒತ್ತಿ, ಎಳೆಯುವ ಬದಲು ಮುಂದಕ್ಕೆ ತಳ್ಳಿ ನೋಡಿ. ಅದು ಟಕಟಕನೆ ಕುಪ್ಪಳಿಸುತ್ತ ಹೋಗಿ ಚುಕ್ಕಿಗಳ ಸಾಲನ್ನು ಬಿಡಿಸುತ್ತದೆ. ಕೆಲವು ಮೇಷ್ಟರು ಇದೇ ಉಪಾಯದಿಂದ ರೇಖಾಗಣಿತದ ಚಿತ್ರದಲ್ಲಿ ಚುಕ್ಕಿಗೆರೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆದು ಮಕ್ಕಳಿಂದ ಭೇಷ್ ಎನ್ನಿಸಿಕೊಳ್ಳುವುದುಂಟು. ಆದರೆ ಸೀಮೆಸುಣ್ಣ ಏಕೆ ಹಾಗೆ ಹಾರುತ್ತದೆ ಎಂದು ಯಾವನಾದರೂ ಹುಡುಗ ಎದ್ದುನಿಂತು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ.

1895ರಲ್ಲಿ ಪ್ಯಾರಿಸ್ಸಿನ ಒಬ್ಬ ಯುವ ಗಣಿತ ಅಧ್ಯಾಪಕ ಇಂಥದೇ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡ. ಗಟ್ಟಿಯಾದ ಕಡ್ಡಿಯೊಂದು ಒರಟು ನೆಲದ ಮೇಲೆ ಓರೆಯಾಗಿ ಜಾರುತ್ತಿದೆ ಎನ್ನಿ. ನ್ಯೂಟನ್ನನ ಚಲನೆಯ ನಿಯಮ, ಕೂಲಂಬನ ಘರ್ಷಣೆಯ ನಿಯಮ ಎರಡೂ ಶಾಲೆಯ ಪಠ್ಯಪುಸ್ತಕದಲ್ಲಿರುವಂಥವೇ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಕೆಲವು ಸ್ಥಿತಿಗಳಲ್ಲಿ ವಿಚಿತ್ರ ಫಲ ಬರುತ್ತದೆ. ಒಮ್ಮೆ ಎರಡೆರಡು ಉತ್ತರ. ಇನ್ನೊಮ್ಮೆ ಉತ್ತರವೇ ಇಲ್ಲ! ಕಡ್ಡಿಯಂತೂ ಯಾವುದಾದರೊಂದು ದಾರಿ ಹಿಡಿಯಲೇಬೇಕು, ಗಣಿತ ಮಾತ್ರ ಬಾಯಿ ಬಿಡುವುದಿಲ್ಲ. ಕೂಡಿ ಕಳೆದದ್ದರಲ್ಲಿ ಎಲ್ಲಿಯೂ ತಪ್ಪಿಲ್ಲ. ತೊಡಕಿರುವುದು ಲೆಕ್ಕ ಶುರುವಾಗುವ ಮೊದಲೇ ಸುಮ್ಮನೆ ಒಪ್ಪಿಕೊಂಡ ಮಾತಿನಲ್ಲಿ. ಕಡ್ಡಿ ಕೊಂಚವೂ ಬಾಗದು, ಅದುಮಿದರೆ ಕೊಂಚವೂ ಕುಗ್ಗದು ಎಂಬ ಊಹೆಯೂ ಘರ್ಷಣೆಯ ಆ ನಿಯಮವೂ ಒಂದೇ ಸೂರಿನಡಿ ಬಾಳಲಾರವು. ಎಂಜಿನಿಯರುಗಳು ಇಂದಿಗೂ ಇದನ್ನು ‘ಪೆನ್ಲೆವೆ ವಿರೋಧಾಭಾಸ’ ಎಂದೇ ಕರೆಯುತ್ತಾರೆ. ಕುಪ್ಪಳಿಸುವ ಸೀಮೆಸುಣ್ಣ ಅದಕ್ಕೆ ಅವರು ಕೊಡುವ ಮಾಮೂಲು ಉದಾಹರಣೆ.

ಈ ಅಧ್ಯಾಪಕ, ಪಾಲ್ ಪೆನ್ಲೆವೆ, ಮುಂದೆ ಫ್ರಾನ್ಸಿನ ಶಿಕ್ಷಣ ಮಂತ್ರಿಯಾದ, ಯುದ್ಧಮಂತ್ರಿಯಾದ, ಎರಡು ಬೇರೆ ಬೇರೆ ಕಾಲದಲ್ಲಿ ಪ್ರಧಾನಿಯಾದ. 1917ರ ವಸಂತದಲ್ಲಿ, ಮೊದಲ ಮಹಾಯುದ್ಧ ಫ್ರಾನ್ಸಿನ ಉಸಿರು ಕಟ್ಟಿಸಿದ್ದಾಗ, ಆತನ ಮೇಜಿನ ಮೇಲೆ ಇನ್ನೊಂದು ಲೆಕ್ಕ ಬಂದು ಕುಳಿತಿತು. ಅದರಲ್ಲೂ ತೊಡಕಿದ್ದದ್ದು ಮೊದಲೇ ಒಪ್ಪಿಕೊಂಡ ಊಹೆಯಲ್ಲಿ. ಅದು ಆತನಿಗೆ ಚೆನ್ನಾಗಿ ಗೊತ್ತಿತ್ತು.

ವಿದ್ವಾಂಸರನ್ನು ಮಂತ್ರಿ ಮಾಡುವ ಅಭ್ಯಾಸ ಫ್ರಾನ್ಸಿನವರಿಗೆ ಹೊಸದಲ್ಲ. ಆಕಾಶಕಾಯಗಳ ಗತಿಯನ್ನು ಲೆಕ್ಕ ಹಾಕಿದ ಲಾಪ್ಲಾಸನನ್ನು ನೆಪೋಲಿಯನ್ 1799ರಲ್ಲಿ ಗೃಹಮಂತ್ರಿ ಮಾಡಿ, ಆರೇ ವಾರಗಳಲ್ಲಿ ಬೇಸತ್ತು ತೆಗೆದುಹಾಕಿದ. ಭೌತವಿಜ್ಞಾನಿ ಅರಾಗೊ 1848ರ ಕ್ರಾಂತಿಯ ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ರಸಾಯನ ವಿಜ್ಞಾನಿ ಬೆರ್ತೆಲೊ ಶಿಕ್ಷಣವನ್ನೂ ವಿದೇಶಾಂಗವನ್ನೂ ನೋಡಿಕೊಂಡ. ಆದರೆ ಇವರಾರಿಗೂ ಲಕ್ಷಾಂತರ ಸೈನಿಕರ ಪ್ರಾಣದ ಲೆಕ್ಕ ಒಪ್ಪಿಸುವ ಹೊಣೆ ಬಿದ್ದಿರಲಿಲ್ಲ.

ಸ್ಟಾಕ್‌ಹೋಮಿನ ಉಪನ್ಯಾಸ

ಪೆನ್ಲೆವೆ ಹುಟ್ಟಿದ್ದು 1863ರ ಡಿಸೆಂಬರ್ 5ರಂದು, ಪ್ಯಾರಿಸ್ಸಿನಲ್ಲಿ, ಕುಶಲಕರ್ಮಿಗಳ ಮನೆತನದಲ್ಲಿ. ಓದಿನಲ್ಲಿ ಮುಂದು, ಸಾಹಿತ್ಯವೂ ಗಣಿತವೂ ಸಮಸಮನಾಗಿ ಒಲಿದಿದ್ದವು. ಫ್ರಾನ್ಸಿನ ಅಧ್ಯಾಪಕರನ್ನು ತಯಾರು ಮಾಡುವ ಪ್ರಖ್ಯಾತ ಎಕೋಲ್ ನಾರ್ಮಾಲ್ ಸಂಸ್ಥೆಗೆ 1883ರಲ್ಲಿ ಸೇರಿ, ಕೆಲಕಾಲ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಕಲಿತು, 1887ರಲ್ಲಿ ಡಾಕ್ಟರೇಟ್ ಪಡೆದ. ಲಿಲ್ ಪಟ್ಟಣದಲ್ಲಿ ಪಾಠ ಹೇಳಿ 1892ರಲ್ಲಿ ಪ್ಯಾರಿಸ್ಸಿಗೆ ಮರಳಿದ. ಬಹುಮಾನಗಳು ಒಂದರ ಹಿಂದೊಂದು ಬಂದವು. 1900ರಲ್ಲಿ, ಮೂವತ್ತೇಳು ತುಂಬುವ ಹೊತ್ತಿಗೆ, ವಿಜ್ಞಾನ ಅಕಾಡೆಮಿಯ ಸದಸ್ಯ.

ಆತನ ಮುಖ್ಯ ಕೆಲಸ ಅವಕಲ ಸಮೀಕರಣಗಳ ಮೇಲೆ. ಪ್ರಕೃತಿಯಲ್ಲಿ ಬದಲಾಗುವ ಯಾವುದನ್ನೇ ಆಗಲಿ, ಉರುಳುವ ಚಕ್ರ, ತೂಗುವ ಲೋಲಕ, ಸುತ್ತುವ ಗ್ರಹ, ಎಲ್ಲವನ್ನೂ ಗಣಿತಕ್ಕಿಳಿಸುವುದು ಈ ಸಮೀಕರಣಗಳೇ. ಇವುಗಳ ಉತ್ತರ ಕೆಲವು ಬಿಂದುಗಳಲ್ಲಿ ಇದ್ದಕ್ಕಿದ್ದಂತೆ ಅನಂತಕ್ಕೆ ನೆಗೆಯುತ್ತದೆ ಅಥವಾ ಕವಲೊಡೆಯುತ್ತದೆ. ಆ ಕವಲು ಎಲ್ಲಿ ಬರುತ್ತದೆಂಬುದು ಆರಂಭದ ಸ್ಥಿತಿಯ ಮೇಲೆ ನಿಂತಿದ್ದರೆ ಲೆಕ್ಕಿಗನ ಪಾಡು ದೇವರಿಗೇ ಪ್ರೀತಿ. ಇಂಥ ಅಲೆಮಾರಿ ಕವಲುಗಳಿಲ್ಲದ, ನಡತೆ ನೆಟ್ಟಗಿರುವ ಸಮೀಕರಣಗಳು ಯಾವುವು ಎಂದು ಪೆನ್ಲೆವೆ ಮತ್ತು ಆತನ ಶಿಷ್ಯರು ಜರಡಿ ಹಿಡಿದರು. ಉಳಿದದ್ದು 50 ಬಗೆ. ಅವುಗಳಲ್ಲಿ 44ನ್ನು ಹಳೆಯ, ಪರಿಚಿತ ಫಲನಗಳಿಂದಲೇ ಬಿಡಿಸಬಹುದಿತ್ತು. ಮಿಕ್ಕ ಆರಕ್ಕೆ ಅದುವರೆಗೆ ಯಾರೂ ಕಂಡಿರದ ಹೊಸ ಫಲನಗಳೇ ಬೇಕಾದವು. ಪೆನ್ಲೆವೆಯ ಮೊದಲ ಪಟ್ಟಿಯಲ್ಲಿ ಆರೂ ಇರಲಿಲ್ಲ. ಬಿಟ್ಟುಹೋದದ್ದನ್ನು ಗಾಂಬಿಯೆ, ಫುಕ್ಸ್ ಮುಂತಾದವರು ತುಂಬಿದರು. ಹೆಸರು ಮಾತ್ರ ಆರಕ್ಕೂ ಪೆನ್ಲೆವೆಯದೇ ನಿಂತಿತು.

1895ರಲ್ಲಿ ಸ್ವೀಡನ್ನಿನ ದೊರೆ ಆಸ್ಕರನ ಆಹ್ವಾನದ ಮೇಲೆ ಆತ ಸ್ಟಾಕ್‌ಹೋಮಿನಲ್ಲಿ ಒಂದು ಉಪನ್ಯಾಸ ಮಾಲೆ ಕೊಟ್ಟ. ಅದರಲ್ಲಿ ಒಂದು ಊಹೆಯನ್ನು ಮುಂದಿಟ್ಟ. ಮೂರು ಆಕಾಶಕಾಯಗಳು ಪರಸ್ಪರ ಸೆಳೆಯುತ್ತ ಚಲಿಸುವಾಗ ಲೆಕ್ಕ ಮುರಿದು ಬೀಳಬೇಕಾದರೆ ಅವು ಡಿಕ್ಕಿ ಹೊಡೆಯಲೇಬೇಕು ಎಂದು ಆತನೇ ಸಾಧಿಸಿ ತೋರಿಸಿದ್ದ. ಕಾಯಗಳು ನಾಲ್ಕೋ ಅದಕ್ಕಿಂತ ಹೆಚ್ಚೋ ಆದರೆ? ಒಂದಕ್ಕೊಂದು ತಾಗದೆಯೇ ಒಂದು ಕಾಯ ಮಿತಿಯಿರುವ ಕಾಲದಲ್ಲಿ ಅನಂತಕ್ಕೆ ಚಿಮ್ಮಿಬಿಡುವ ಸಾಧ್ಯತೆಯೂ ಇರಬಹುದು ಎಂದ. ಸಾಧಿಸಲು ಆಗಲಿಲ್ಲ. ಊಹೆಯನ್ನು ಅಲ್ಲಿಯೇ ಬಿಟ್ಟ.

ಒಂದು ಸುಳ್ಳು ಟಿಪ್ಪಣಿ

ಇಂಥ ಮನುಷ್ಯ ರಾಜಕೀಯಕ್ಕೆ ಬಂದದ್ದು ಚುನಾವಣೆಯ ಆಸೆಯಿಂದಲ್ಲ. ಆಲ್‌ಫ್ರೆಡ್ ಡ್ರೈಫಸ್ ಎಂಬ ಯಹೂದಿ ಕ್ಯಾಪ್ಟನ್ನನ ಮೇಲೆ ಜರ್ಮನಿಗೆ ಗುಟ್ಟು ಮಾರಿದ ಆರೋಪ ಹೊರಿಸಿ, 1894ರಲ್ಲಿ ಸೇನಾ ನ್ಯಾಯಾಲಯ ಅವನನ್ನು ದೂರದ ದ್ವೀಪಕ್ಕೆ ಗಡೀಪಾರು ಮಾಡಿತ್ತು. ಸಾಕ್ಷ್ಯ ಪೊಳ್ಳು. ತಪ್ಪನ್ನು ಒಪ್ಪಿಕೊಳ್ಳಲು ಒಲ್ಲದ ಸೇನೆಯ ಹಿರಿಯರು ಕಡತಕ್ಕೆ ಹೊಸ ಹೊಸ ಸುಳ್ಳು ಕಾಗದಗಳನ್ನು ಸೇರಿಸುತ್ತ ಹೋದರು. ಅಂಥ ಒಂದು ಕಾಗದದಲ್ಲಿ ಪೆನ್ಲೆವೆಯ ಹೆಸರೂ ಇತ್ತು!

ನಡೆದದ್ದಿಷ್ಟು. ಗಣಿತಜ್ಞ ಹಡಮಾರ್ ಆತನ ಗೆಳೆಯ; ಡ್ರೈಫಸನ ಹೆಂಡತಿ ಹಡಮಾರನ ಸಂಬಂಧಿ. ಗೆಳೆಯರಿಬ್ಬರು ಕೆಲಸದ ವಿಷಯ ಮಾತಾಡುವಾಗ ಡ್ರೈಫಸನ ಪ್ರಸ್ತಾಪವೂ ಬಂದಿತ್ತು. ಆ ಮಾತು ಬಾಯಿಂದ ಬಾಯಿಗೆ ದಾಟಿ, ಡ್ರೈಫಸನ ಬಂಧುಗಳಿಗೇ ಅವನು ನಿರಪರಾಧಿಯೆಂಬ ನಂಬಿಕೆಯಿಲ್ಲ ಎಂಬ ರೂಪ ತಾಳಿ, ಸೇನೆಯ ಗುಪ್ತ ಕಡತ ಸೇರಿತು. ಇದು ತಿಳಿದ ಪೆನ್ಲೆವೆ ಸುಮ್ಮನಿರಲಿಲ್ಲ. 1899ರಲ್ಲಿ ರೆನ್ ಪಟ್ಟಣದಲ್ಲಿ ನಡೆದ ಮರುವಿಚಾರಣೆಗೆ ಹೋಗಿ, ತಾನು ಆಡಿದ ಮಾತನ್ನು ತಿರುಚಲಾಗಿದೆ ಎಂದು ಜನರಲ್‌ಗಳ ಎದುರೇ ಸಾಕ್ಷಿ ನುಡಿದ. ಸೇನೆಯ ವಿರುದ್ಧ ಮಾತಾಡುವುದು ಆ ದಿನಗಳಲ್ಲಿ ದೇಶದ್ರೋಹಕ್ಕೆ ಸಮವಾಗಿತ್ತು. ಡ್ರೈಫಸ್ ಪೂರ್ತಿ ದೋಷಮುಕ್ತನಾದದ್ದು 1906ರಲ್ಲಿ. ಸಮವಸ್ತ್ರ ತೊಟ್ಟವನು ಹೇಳಿದ ಮಾತ್ರಕ್ಕೆ ಮಾತು ನಿಜವಾಗದು ಎಂಬ ಪಾಠವನ್ನು ಆತ ಅಲ್ಲಿ ಕಲಿತ. ಹದಿನೆಂಟು ವರ್ಷಗಳ ಮೇಲೆ ಅದು ಉಪಯೋಗಕ್ಕೆ ಬರಬೇಕಿತ್ತು.

ಮನೆಯೊಳಗಿನ ಬದುಕು ಅಲ್ಪಕಾಲದ್ದು. 1901ರಲ್ಲಿ ಮದುವೆ, 1902ರಲ್ಲಿ ಮಗ ಹುಟ್ಟಿದಾಗ ಹೆಂಡತಿ ತೀರಿಕೊಂಡಳು. ಆ ಮಗ ಜಾನ್ ಪೆನ್ಲೆವೆ ಮುಂದೆ ನೀರೊಳಗಿನ ಜೀವಿಗಳ ಚಲನಚಿತ್ರಗಳಿಂದ, ಅದರಲ್ಲೂ ಕಡಲಕುದುರೆಯ ಚಿತ್ರದಿಂದ, ಜಗತ್ಪ್ರಸಿದ್ಧನಾದ.

ಇನ್ನೊಂದು ಸೆಳೆತ ವಿಮಾನದ್ದು. ರೈಟ್ ಸೋದರರಲ್ಲಿ ಹಿರಿಯನಾದ ವಿಲ್ಬರ್ 1908ರಲ್ಲಿ ಫ್ರಾನ್ಸಿಗೆ ಬಂದು ಲ ಮಾನ್ ಬಳಿಯ ಓವೂರ್ ಬಯಲಿನಲ್ಲಿ ಹಾರಾಟ ನಡೆಸುತ್ತಿದ್ದ. ಅಕ್ಟೋಬರ್ 10ರಂದು ಅವನ ಪಕ್ಕದ ಪೀಠದಲ್ಲಿ ಕುಳಿತವನು ಅಕಾಡೆಮಿಯ ಸದಸ್ಯ ಪೆನ್ಲೆವೆ. 1 ಗಂಟೆ 9 ನಿಮಿಷಕ್ಕೂ ಹೆಚ್ಚು ಕಾಲ ಇಬ್ಬರೂ ಗಾಳಿಯಲ್ಲಿದ್ದರು. ಪ್ರಯಾಣಿಕನೊಬ್ಬನನ್ನು ಕೂರಿಸಿಕೊಂಡ ಹಾರಾಟದಲ್ಲಿ ಅದು ದಾಖಲೆ. ಸುತ್ತ ಗೋಡೆಯಿಲ್ಲ, ಮೇಲೆ ಚಾವಣಿಯಿಲ್ಲ, ಕಾಲಡಿಯಲ್ಲಿ ಬರೀ ಗಾಳಿ. ಪ್ರಾಧ್ಯಾಪಕರ ಧೈರ್ಯವನ್ನು ಗೇಲಿ ಮಾಡುವವರು ಇದನ್ನು ನೆನೆಯಬೇಕು. ಮರುವರ್ಷವೇ ಆತ ವೈಮಾನಿಕ ಯಂತ್ರವಿಜ್ಞಾನವನ್ನು ಪಾಠವಾಗಿ ಹೇಳತೊಡಗಿದ. ಗೆಳೆಯ ಎಮಿಲ್ ಬೊರೆಲ್ ಜತೆ ಸೇರಿ ವಿಮಾನಯಾನದ ಮೇಲೆ ಪುಸ್ತಕ ಬರೆದ. ಸರ್ಕಾರ ಇದಕ್ಕೆ ಹಣ ಕೊಡಬೇಕು ಎಂದು ಒತ್ತಾಯಿಸುತ್ತ ಹೋದವನು 1910ರಲ್ಲಿ, ಹಣ ಮಂಜೂರು ಮಾಡುವ ಸಭೆಗೇ ಆಯ್ಕೆಯಾದ. ವಿಶ್ವವಿದ್ಯಾಲಯಗಳ ಬೀದಿಗಳಿರುವ ಪ್ಯಾರಿಸ್ಸಿನ ಐದನೆಯ ವಿಭಾಗವೇ ಆತನ ಕ್ಷೇತ್ರ.

1915ರ ಅಕ್ಟೋಬರಿನಲ್ಲಿ ಬ್ರಿಯಾಂ ಸಂಪುಟದಲ್ಲಿ ಶಿಕ್ಷಣ ಖಾತೆ ಸಿಕ್ಕಿತು. ಅದರ ಜತೆಗೆ ಯುದ್ಧಕ್ಕೆ ಬೇಕಾದ ಹೊಸ ಶೋಧಗಳ ಇಲಾಖೆಯನ್ನೂ ಕಟ್ಟಿದ. ಬೊರೆಲ್, ಜಾನ್ ಪೆರಾಂ ಮುಂತಾದ ಪ್ರಯೋಗಶಾಲೆಯ ಜನ ಸರ್ಕಾರಿ ಕಚೇರಿಗಳಲ್ಲಿ ಕಾಣಿಸಿಕೊಂಡರು. ಮರೆಯಲ್ಲಿರುವ ಶತ್ರುವಿನ ಫಿರಂಗಿಯನ್ನು ಅದರ ಸದ್ದಿನಿಂದಲೇ ಪತ್ತೆ ಹಚ್ಚುವ ಕೆಲಸ ನಡೆಯಿತು. ಭೌತವಿಜ್ಞಾನಿ ಲಾಂಜೆವಾಂ ಇದೇ ಯುದ್ಧದ ದಿನಗಳಲ್ಲಿ ಕಿವಿಗೆ ಕೇಳಿಸದ ಶ್ರವಣಾತೀತ ತರಂಗಗಳಿಂದ ನೀರಿನಡಿಯ ಜಲಾಂತರ್ಗಾಮಿಯನ್ನು ಗುರುತಿಸುವ ದಾರಿ ಹುಡುಕಿದ. ಇಂದು ಆಸ್ಪತ್ರೆಯಲ್ಲಿ ಬಸಿರಿನ ಕೂಸನ್ನು ತೋರಿಸುವ ಸ್ಕ್ಯಾನಿಂಗ್ ಯಂತ್ರದ ವಂಶವೃಕ್ಷವನ್ನು ಹುಡುಕುತ್ತ ಹೋದರೆ ಈ ಕೆಲಸಕ್ಕೇ ಹೋಗಿ ಮುಟ್ಟುತ್ತೇವೆ. ಮಂತ್ರಿಯಾಗಿ ಪೆನ್ಲೆವೆ ನಿರಾತಂಕವಾಗಿ ದುಡಿದದ್ದು ಈ ಒಂದು ವರ್ಷ ಮಾತ್ರ ಎನ್ನಬೇಕು.

ರೈಲುಬಂಡಿಯೊಳಗಿನ ಸಭೆ

1916ರ ಕೊನೆಗೆ ಫ್ರಾನ್ಸ್ ಎರಡೂವರೆ ವರ್ಷಗಳ ಯುದ್ಧದಿಂದ ಬಳಲಿತ್ತು. ಹಳೆಯ ಸೇನಾಧಿಪತಿ ಜಾಫ್ರನನ್ನು ಬದಿಗೆ ಸರಿಸಿ ಆ ಜಾಗಕ್ಕೆ ರಾಬರ್ಟ್ ನಿವೆಲ್‌ನನ್ನು ತಂದರು. ವರ್ದಾಂ ಕಾಳಗದಲ್ಲಿ, ಮುಂದೆ ಸರಿಯುವ ಫಿರಂಗಿ ಗುಂಡುಗಳ ತೆರೆಯ ಮರೆಯಲ್ಲಿ ಕಾಲಾಳುಗಳನ್ನು ನುಗ್ಗಿಸಿ ಕಳೆದುಹೋದ ಕೋಟೆಗಳನ್ನು ಗೆದ್ದುಕೊಟ್ಟವನು ಈತ. ಮಾತುಗಾರ. ತಾಯಿ ಇಂಗ್ಲಿಷಿನವಳಾದ್ದರಿಂದ ಇಂಗ್ಲಿಷ್ ನೀರಿನಷ್ಟು ಸಲೀಸು. ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಕೂಡ ಆ ಮಾತಿಗೆ ಮರುಳಾದ. ವರ್ದಾಂನಲ್ಲಿ ಸಣ್ಣದಾಗಿ ಮಾಡಿದ್ದನ್ನು ದೊಡ್ಡದಾಗಿ ಮಾಡಿದರೆ ಜರ್ಮನ್ನರ ಸಾಲು ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಯೊಳಗೆ ಸೀಳುತ್ತದೆ ಎಂಬುದು ನಿವೆಲ್ ಕೊಟ್ಟ ಭರವಸೆ. ಈ ನೇಮಕ ಒಪ್ಪಿಗೆಯಾಗದ್ದರಿಂದ ಪೆನ್ಲೆವೆ ಡಿಸೆಂಬರಿನಲ್ಲಿ ಪುನರ್ರಚನೆಯಾದ ಸಂಪುಟ ಸೇರಲಿಲ್ಲ.

ಮೂರೇ ತಿಂಗಳಲ್ಲಿ ಆ ಸಂಪುಟ ಬಿತ್ತು. 1917ರ ಮಾರ್ಚ್ 20ರಂದು ವೃದ್ಧ ರಿಬೊ ಹೊಸ ಸರ್ಕಾರ ರಚಿಸಿ ಯುದ್ಧ ಖಾತೆಯನ್ನು ಪೆನ್ಲೆವೆಗೆ ಕೊಟ್ಟ. ಯಾರ ನೇಮಕವನ್ನು ವಿರೋಧಿಸಿ ಹೊರಗುಳಿದಿದ್ದನೋ ಅವನ ಮೇಲೆಯೇ ಯಜಮಾನಿಕೆ! ದಾಳಿಯ ಸಿದ್ಧತೆ ಆಗಲೇ ಮುಕ್ಕಾಲು ಪಾಲು ಮುಗಿದಿತ್ತು.

ಪೆನ್ಲೆವೆ ಕಡತ ಬಿಡಿಸಿ ನೋಡಿದ. ಯೋಜನೆ ಬರೆದ ದಿನದಿಂದ ಜಗತ್ತೇ ಮಗ್ಗುಲು ಬದಲಿಸಿತ್ತು. ಫ್ರಾನ್ಸಿನೊಳಕ್ಕೆ ಚಾಚಿಕೊಂಡಿದ್ದ ಜರ್ಮನ್ ರೇಖೆಯ ಉಬ್ಬೊಂದನ್ನು ಬದಿಗಳಿಂದ ಕತ್ತರಿಸುವುದು ಯೋಜನೆಯ ಒಂದು ಅಂಗ. ಜರ್ಮನ್ನರು ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಆ ಉಬ್ಬನ್ನು ತಾವಾಗಿಯೇ ಖಾಲಿ ಮಾಡಿ, ಹಿಂದೆ ಭದ್ರವಾಗಿ ಕಟ್ಟಿಕೊಂಡಿದ್ದ ಹಿಂಡನ್‌ಬರ್ಗ್ ರೇಖೆಗೆ ಸರಿದಿದ್ದರು. ಸಾಲು ಚಿಕ್ಕದಾದ್ದರಿಂದ ಅವರಿಗೆ ಸೈನ್ಯ ಉಳಿತಾಯವಾಗಿತ್ತು. ರಷ್ಯಾದಲ್ಲಿ ಜಾರ್ ದೊರೆ ಸಿಂಹಾಸನ ಬಿಟ್ಟಿದ್ದ. ಪೂರ್ವದಿಂದ ಶತ್ರುವನ್ನು ಒತ್ತುವವರು ಇನ್ನಿಲ್ಲ. ಇತ್ತ ಅಮೆರಿಕ ಯುದ್ಧಕ್ಕೆ ಇಳಿಯುವ ಹೊಸ್ತಿಲಲ್ಲಿತ್ತು. ಕಾದರೆ ಬಲ ಕೂಡುತ್ತದೆ. ಸಾಲದ್ದಕ್ಕೆ ದಾಳಿಯ ಕಾಗದಪತ್ರಗಳೇ ಜರ್ಮನ್ನರ ಕೈ ಸೇರಿದ್ದವು. ಆರಂಭದ ಷರತ್ತುಗಳೆಲ್ಲ ಬದಲಾದ ಮೇಲೆ ಹಳೆಯ ಉತ್ತರ ಹೇಗೆ ನಿಂತೀತು? ಇದಕ್ಕೆ ಗಣಿತಜ್ಞನೇ ಬೇಕಿಲ್ಲ. ನಿವೆಲ್ ಮಾತ್ರ ಉತ್ತರ ಬದಲಾಗಿಲ್ಲ ಎಂದ.

ಪೆನ್ಲೆವೆ ಸೇನಾಧಿಪತಿಯ ಕೈಕೆಳಗಿನ ಜನರಲ್‌ಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದ. ದಾಳಿ ನಡೆಸಬೇಕಾಗಿದ್ದ ಮಿಶೆಲೆಗೇ ಗೆಲುವಿನ ನಂಬಿಕೆ ಇರಲಿಲ್ಲ. ಪೆತಾಂ ಮೊದಲ ಸಾಲನ್ನು ಹಿಡಿಯಬಹುದು, ಅದರಾಚೆಗೆ ಇಲ್ಲ ಎನ್ನುವವನು. ಕೊನೆಗೆ ಏಪ್ರಿಲ್ 6ರಂದು ಕಾಂಪಿಯೇನ್‌ನಲ್ಲಿ, ಅಧ್ಯಕ್ಷರ ರೈಲುಬಂಡಿಯೊಳಗೆ ಎಲ್ಲರೂ ಸೇರಿದರು. ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದ್ದೂ ಅದೇ ದಿನ. ಅಧ್ಯಕ್ಷ ರೇಮಂಡ್ ಪೊಯಾಂಕರೆ, ಗಣಿತದ ದಿಗ್ಗಜ ಹೆನ್ರಿ ಪೊಯಾಂಕರೆಯ ದಾಯಾದಿ ಸೋದರ. ಆದರೆ ಆ ಡಬ್ಬಿಯಲ್ಲಿ ಗಣಿತದ ಮಾತಿಗೆ ಬೆಲೆಯಿರಲಿಲ್ಲ. ಪೆನ್ಲೆವೆ ತನ್ನ ಸಂಶಯಗಳನ್ನು ಸಾಲಾಗಿ ಹೇಳಿದ. ಮಿಶೆಲೆ, ಪೆತಾಂ ಒಪ್ಪಿದರು. ಎಲ್ಲರೂ ತನ್ನನ್ನು ನಂಬುವುದಿಲ್ಲವೆಂದಾದರೆ ರಾಜೀನಾಮೆ ಕೊಡುತ್ತೇನೆ ಎಂದುಬಿಟ್ಟ ನಿವೆಲ್.

ಆ ರಾಜೀನಾಮೆಯನ್ನು ಕೈಚಾಚಿ ತೆಗೆದುಕೊಳ್ಳಬೇಕಾಗಿತ್ತು. ಯಾರೂ ತೆಗೆದುಕೊಳ್ಳಲಿಲ್ಲ. ಬದಲಿಗೆ ಎಲ್ಲರೂ ಸೇರಿ ಅವನನ್ನು ಸಮಾಧಾನಪಡಿಸಿದರು. ಎರಡು ದಿನದಲ್ಲಿ ಸಾಲು ಸೀಳದಿದ್ದರೆ ದಾಳಿ ನಿಲ್ಲಿಸತಕ್ಕದ್ದು ಎಂಬ ಮಾತಿನ ಮೇಲೆ ಸಭೆ ಮುಗಿಯಿತು. ಪೆನ್ಲೆವೆ ಏಕೆ ಪಟ್ಟು ಹಿಡಿಯಲಿಲ್ಲ? ಮಂತ್ರಿಯಾಗಿ ಮೂರು ವಾರವೂ ಆಗಿರಲಿಲ್ಲ. ದಾಳಿಯ ಹಿಂದಿನ ದಿನ ಸೇನಾಧಿಪತಿಯನ್ನು ತೆಗೆದರೆ ಸೈನ್ಯ ಏನೆನ್ನುತ್ತದೆ, ಬ್ರಿಟಿಷರು ಏನೆನ್ನುತ್ತಾರೆ, ಪತ್ರಿಕೆಗಳು ಏನೆನ್ನುತ್ತವೆ ಎಂಬ ಅಳುಕು. ಡ್ರೈಫಸನ ಪರ ನಿಂತ ಹಳೆಯ ಲೆಕ್ಕವನ್ನು ಬಲಪಂಥದವರು ಇನ್ನೂ ಚುಕ್ತಾ ಮಾಡಿರಲಿಲ್ಲ. ಸೇನೆಯ ಶತ್ರು ಎಂಬ ಹಣೆಪಟ್ಟಿ ಸಿದ್ಧವಾಗಿತ್ತು. ಕಾರಣಗಳು ಎಷ್ಟೇ ಇರಲಿ, ಆತನ ಜೀವನದ ಅತ್ಯಂತ ದುಬಾರಿಯಾದ ಮೌನ ಅದು. ತರ್ಕ ಸರಿಯಿದ್ದರೆ ಎದುರಿನವನು ಒಪ್ಪಿಯೇ ತೀರುತ್ತಾನೆ ಎಂಬುದು ತರಗತಿಯ ನಿಯಮ. ಆ ರೈಲುಬಂಡಿಯಲ್ಲಿ ಬೇಕಾಗಿದ್ದದ್ದು ತರ್ಕವಲ್ಲ, ಒಂದು ಸಹಿ.

ಏಪ್ರಿಲ್ 16ರ ಬೆಳಗಿನ ಜಾವ, ಮಳೆ ಮತ್ತು ಹಿಮದ ನಡುವೆ, ‘ಹೆಂಗಸರ ಹಾದಿ’ ಎಂಬ ಅರ್ಥದ ಶೆಮಾಂ ದೆ ದಾಮ್ ದಿಬ್ಬಗಳ ಮೇಲೆ ದಾಳಿ ಶುರುವಾಯಿತು. ಜರ್ಮನ್ನರು ಆ ಸುಣ್ಣಕಲ್ಲಿನ ಗವಿಗಳಲ್ಲಿ ಬೆಚ್ಚಗೆ ಕುಳಿತು ಫಿರಂಗಿ ಮಳೆ ನಿಲ್ಲುವುದನ್ನೇ ಕಾಯುತ್ತಿದ್ದರು. ಏರು ಹತ್ತಿ ಬಂದವರನ್ನು ಮಷೀನ್‌ಗನ್ನುಗಳು ಕೊಯ್ದುಹಾಕಿದವು. ಬೆಚ್ಚನೆಯ ನಾಡಿನಿಂದ ಕರೆತಂದಿದ್ದ ಸೆನೆಗಲ್‌ನ ಸೈನಿಕರ ಬೆರಳುಗಳು ಚಳಿಗೆ ಮರಗಟ್ಟಿ ಬಂದೂಕನ್ನೇ ಹಿಡಿಯಲಾರದಾದವು. ಎರಡು ದಿನಗಳಾದವು, ಸಾಲು ಸೀಳಲಿಲ್ಲ, ದಾಳಿಯೂ ನಿಲ್ಲಲಿಲ್ಲ. ಹತ್ತು ದಿನಗಳಲ್ಲಿ ಫ್ರೆಂಚರ ಸಾವು-ನೋವು ಲಕ್ಷ ಮೀರಿತು. ಸತ್ತವರೇ ಸುಮಾರು 30 ಸಾವಿರ. ಮೇ 15ರಂದು ಪೆನ್ಲೆವೆ ನಿವೆಲ್‌ನನ್ನು ತೆಗೆದು ಪೆತಾಂಗೆ ಸೇನೆಯನ್ನು ಒಪ್ಪಿಸಿದ. ಫಾಶ್‌ನನ್ನು ಪ್ಯಾರಿಸ್ಸಿಗೆ ಕರೆಸಿ ಸೇನಾ ಸಿಬ್ಬಂದಿಯ ಮುಖ್ಯಸ್ಥನನ್ನಾಗಿ ಮಾಡಿದ. ಮುಂದೆ ಯುದ್ಧ ಗೆಲ್ಲಿಸಿಕೊಟ್ಟವರೆಂದು ಹೆಸರಾದದ್ದು ಇವರಿಬ್ಬರೇ.

ಅಷ್ಟರಲ್ಲಿ ಸೈನಿಕರ ತಾಳ್ಮೆ ಕಟ್ಟೆಯೊಡೆದಿತ್ತು. ಕಂದಕ ಕಾಯುತ್ತೇವೆ, ಸಾಯಲೆಂದೇ ನುಗ್ಗುವುದಿಲ್ಲ ಎಂದು ತುಕಡಿ ತುಕಡಿಗಳೇ ಕುಳಿತವು. ದಂಗೆಯ ಗಾಳಿ ಸೋಂಕಿದ್ದು ಸೇನೆಯ ಸುಮಾರು ಅರ್ಧದಷ್ಟು ಡಿವಿಜನ್‌ಗಳಿಗೆ. ಅತ್ಯಂತ ಕೆಟ್ಟ ದಿನಗಳಲ್ಲಿ ಸ್ವಾಸೋಂ ಪಟ್ಟಣಕ್ಕೂ ಪ್ಯಾರಿಸ್ಸಿಗೂ ನಡುವೆ ಪೂರ್ತಿ ನಂಬಬಹುದಾದ ಡಿವಿಜನ್‌ಗಳು ಎರಡೇ ಇದ್ದವು ಎಂದು ಪೆನ್ಲೆವೆ ಆಮೇಲೆ ಹೇಳಿದ. ಜರ್ಮನ್ನರಿಗೆ ಈ ಸುದ್ದಿಯ ಪೂರ್ಣ ವಾಸನೆ ಹತ್ತದಂತೆ ಮುಚ್ಚಿಟ್ಟದ್ದೇ ದೊಡ್ಡ ಸಾಹಸ. ಪೆತಾಂ ಸೈನಿಕರ ರಜೆ, ಊಟ, ವಿಶ್ರಾಂತಿಯ ವ್ಯವಸ್ಥೆ ಸುಧಾರಿಸಿದ. ಜತೆಗೆ ದಂಡನೆಯ ಅಧಿಕಾರವನ್ನೂ ಕೇಳಿದ. ಐನೂರಕ್ಕೂ ಹೆಚ್ಚು ಮಂದಿಗೆ ಮರಣದಂಡನೆ ವಿಧಿಸಿದರು. ಜಾರಿಯಾದದ್ದು ಐವತ್ತಕ್ಕೂ ಕಡಿಮೆ. ಬಹುಪಾಲು ಜನರಿಗೆ ಕ್ಷಮಾದಾನ ಸಿಕ್ಕಿತು. ಆದರೂ ಜೂನ್ ತಿಂಗಳಲ್ಲಿ, ಕೆಲವು ಬಗೆಯ ಪ್ರಕರಣಗಳಲ್ಲಿ ಮೇಲ್ಮನವಿ, ಕ್ಷಮಾದಾನಗಳ ದಾರಿಯನ್ನೇ ತಾತ್ಕಾಲಿಕವಾಗಿ ಮುಚ್ಚಲು ಯುದ್ಧಮಂತ್ರಿ ಸಮ್ಮತಿಸಿದ. ಒಬ್ಬ ಕ್ಯಾಪ್ಟನ್ನನಿಗೆ ಸೇನಾ ನ್ಯಾಯಾಲಯ ಮಾಡಿದ ಅನ್ಯಾಯವನ್ನು ಎದುರಿಸಿ ರಾಜಕೀಯಕ್ಕೆ ಬಂದ ಮನುಷ್ಯನೇ ಈ ಸಮ್ಮತಿ ಕೊಟ್ಟವನು ಎಂಬುದನ್ನು ಮರೆಯುವಂತಿಲ್ಲ.

ದಾಳಿಯ ಬಗೆಗಿನ ದೂಷಣೆ ಎರಡೂ ಕಡೆಯಿಂದ ಬಂತು. ಏಕೆ ತಡೆಯಲಿಲ್ಲ ಎಂದರು ಕೆಲವರು. ಗೆಲ್ಲುವ ಹೊತ್ತಿಗೆ ನಿವೆಲ್‌ನ ಕೈ ಹಿಡಿದೆಳೆದು ಕೆಡಿಸಿದ ಎಂದರು ಬಲಪಂಥದವರು. ಈ ಎರಡನೆಯ ಕಥೆಯೇ ಹೆಚ್ಚು ದಿನ ಓಡಿತು. ಪೆನ್ಲೆವೆ 1923ರಲ್ಲಿ ತಾನು ಫಾಶ್, ಪೆತಾಂರನ್ನು ಹೇಗೆ ನೇಮಿಸಿದೆ ಎಂಬುದನ್ನೇ ಹೆಸರಾಗಿಸಿ ಒಂದು ಪುಸ್ತಕ ಬರೆದು ದಾಖಲೆಗಳನ್ನು ಹರಡಬೇಕಾಯಿತು.

ಎರಡು ಪ್ರಧಾನಿಗಿರಿ

1917ರ ಸೆಪ್ಟೆಂಬರ್ 12ರಂದು ರಿಬೊ ಕೆಳಗಿಳಿದು ಪೆನ್ಲೆವೆ ಪ್ರಧಾನಿಯಾದ. ಸಮಾಜವಾದಿಗಳು ಹೊರಗುಳಿದರು, ಸರ್ಕಾರ ಮೊದಲ ದಿನವೇ ಕುಂಟುತ್ತಿತ್ತು. ಊರೆಲ್ಲ ಗೂಢಚಾರರ, ದ್ರೋಹಿಗಳ ಸುದ್ದಿ. ಮಾತಾ ಹರಿಯನ್ನು ಗುಂಡಿಟ್ಟು ಕೊಂದದ್ದು ಆತನ ಆಡಳಿತದಲ್ಲೇ, ಅಕ್ಟೋಬರ್ 15ರಂದು. ಅದೇ ತಿಂಗಳು, ಉಗ್ರ ಬಲಪಂಥೀಯ ಪತ್ರಕರ್ತ ಲಿಯೊ ದೊಡೆ ಮಾಜಿ ಗೃಹಮಂತ್ರಿ ಮಾಲ್ವಿಯನ್ನು ದ್ರೋಹಿ ಎಂದು ಹಳಿದು ಅಧ್ಯಕ್ಷರಿಗೆ ಬರೆದ ಪತ್ರವನ್ನು ಪೆನ್ಲೆವೆ ಸಭೆಯಲ್ಲಿ ಗಟ್ಟಿಯಾಗಿ ಓದಿಬಿಟ್ಟ. ದತ್ತಾಂಶವನ್ನೆಲ್ಲ ಹಲಗೆಯ ಮೇಲೆ ಬರೆದುಬಿಟ್ಟರೆ ಸುಳ್ಳು ತಾನಾಗಿ ಬಯಲಾಗುತ್ತದೆ ಎಂದುಕೊಂಡಿದ್ದನೋ ಏನೋ. ಆದದ್ದು ಗದ್ದಲ ಮಾತ್ರ.

ಆ ಎರಡು ತಿಂಗಳಲ್ಲಿ ಆತ ಮಾಡಿದ ಒಂದು ಕೆಲಸ ಗಟ್ಟಿಯಾದದ್ದು. ಇಟಲಿಯ ಸೇನೆ ಕಪೊರೆತ್ತೊದಲ್ಲಿ ಕುಸಿದಾಗ, ರಪಾಲೊದಲ್ಲಿ ಲಾಯ್ಡ್ ಜಾರ್ಜ್ ಮುಂತಾದವರೊಡನೆ ಕುಳಿತು ಮಿತ್ರರಾಷ್ಟ್ರಗಳಿಗೆಲ್ಲ ಒಂದೇ ಯುದ್ಧ ಮಂಡಳಿಯನ್ನು ನವೆಂಬರ್ 7ರಂದು ಸ್ಥಾಪಿಸಿದ. ವಾರದೊಳಗೆ, 13ರಂದು, ಸಭೆಯಲ್ಲಿ ಮತ ಸೋತು ಸರ್ಕಾರ ಬಿತ್ತು. ಬಂದವನು ಹುಲಿಯೆಂದೇ ಹೆಸರಾದ ಕ್ಲೆಮೆನ್ಸೊ. ಮಿಕ್ಕ ಕಥೆ ಎಲ್ಲರಿಗೂ ಗೊತ್ತು.

ಅಧಿಕಾರ ಹೋದ ಮೇಲೆ ಆತ ಗಣಿತಕ್ಕೆ ಮರಳಿದ್ದು ವಿಶೇಷ. ಐನ್‌ಸ್ಟೈನನ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ಆಗ ಬಿಸಿ ಸುದ್ದಿ. ಭಾರಿ ಕಾಯದ ಸುತ್ತಲಿನ ಒಂದು ನಿರ್ದಿಷ್ಟ ದೂರದಲ್ಲಿ ಅದರ ಸಮೀಕರಣಗಳು ಮುರಿದು ಬೀಳುವಂತೆ ತೋರುತ್ತಿದ್ದವು. 1921ರಲ್ಲಿ ಪೆನ್ಲೆವೆ ಅಳತೆಯ ಕ್ರಮವನ್ನೇ ಬದಲಿಸಿ ಬರೆದ. ಆ ಜಾಗದಲ್ಲಿ ಯಾವ ಮುರುಕೂ ಕಾಣಲಿಲ್ಲ. ಐನ್‌ಸ್ಟೈನನನ್ನು ಸಿಕ್ಕಿಸಲೆಂದು ಹೂಡಿದ ಈ ಲೆಕ್ಕ ಇಂದು ಕೃಷ್ಣರಂಧ್ರದೊಳಕ್ಕೆ ಬೀಳುವವನ ಪಾಡನ್ನು ವಿವರಿಸಲು ವಿದ್ಯಾರ್ಥಿಗಳಿಗೆ ನೆರವಾಗುತ್ತಿದೆ. 1922ರಲ್ಲಿ ಐನ್‌ಸ್ಟೈನ್ ಪ್ಯಾರಿಸ್ಸಿಗೆ ಬಂದಾಗ, ರೈಲು ಮತ್ತು ಗಡಿಯಾರಗಳ ಪ್ರಶ್ನೆ ಹಿಡಿದು ಸಭೆಯಲ್ಲಿ ಎದ್ದುನಿಂತವರಲ್ಲಿ ಮಾಜಿ ಪ್ರಧಾನಿಯೂ ಒಬ್ಬ. ಇಂಥ ದೃಶ್ಯ ಯಾವ ದೇಶದಲ್ಲಿ ದಿನಾ ಕಂಡೀತು?

1924ರಲ್ಲಿ ಎಡಪಕ್ಷಗಳ ಕೂಟ ಗೆದ್ದಿತು. ಆತ ಪ್ರತಿನಿಧಿ ಸಭೆಯ ಅಧ್ಯಕ್ಷನಾದ. ಗಣರಾಜ್ಯದ ಅಧ್ಯಕ್ಷ ಪದವಿಗೆ ನಿಂತು ಡುಮೆರ್ಗ್‌ಗೆ ಸೋತ. 1925ರ ಏಪ್ರಿಲ್‌ನಲ್ಲಿ ಮತ್ತೆ ಪ್ರಧಾನಿ. ಸಂಪುಟದಲ್ಲಿ ನೌಕಾಪಡೆಯ ಮಂತ್ರಿ ಬೊರೆಲ್. ಎರಡು ಗಣಿತಜ್ಞರು ಒಂದೇ ಮೇಜಿನ ಸುತ್ತ. ಆದರೂ ಈ ಏಳು ತಿಂಗಳು ಆತನಿಗೆ ಕೀರ್ತಿ ತರಲಿಲ್ಲ. ಮೊರಾಕ್ಕೊದಲ್ಲಿ ಅಬ್ದ್ ಎಲ್ ಕ್ರಿಮ್‌ನ ಬಂಡಾಯವನ್ನು ತುಳಿಯಲು ಪೆತಾಂನನ್ನು ಕಳಿಸಿದ. ಸಿರಿಯಾದಲ್ಲಿ ಬಂಡಾಯವೆದ್ದಾಗ, ಅಲ್ಲಿದ್ದ ಜನರಲ್ ಸರಾಯ್ ಅಕ್ಟೋಬರಿನಲ್ಲಿ ಡಮಾಸ್ಕಸ್ ನಗರದ ಮೇಲೆಯೇ ಬಾಂಬು ಸುರಿಸಿದ. ಅವನನ್ನು ವಾಪಸು ಕರೆಸಿದರೇನೋ ನಿಜ. ಮನುಷ್ಯನ ಹಕ್ಕುಗಳ ಮಾತು ಮೆಡಿಟರೇನಿಯನ್ ಸಮುದ್ರ ದಾಟುವಾಗ ಮುಳುಗಿಹೋಗುತ್ತಿತ್ತು ಎಂಬುದನ್ನು, ಪರರ ಆಳ್ವಿಕೆ ಕಂಡ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಇತ್ತ ಫ್ರಾಂಕ್ ನಾಣ್ಯ ಜಾರುತ್ತಿತ್ತು. ಹಣಕಾಸು ಮಂತ್ರಿ ಕಾಯೊ ಕೈಚೆಲ್ಲಿದ ಮೇಲೆ ಅಕ್ಟೋಬರ್ ಕೊನೆಯಲ್ಲಿ ಪೆನ್ಲೆವೆ ಆ ಖಾತೆಯನ್ನು ತಾನೇ ವಹಿಸಿಕೊಂಡ. ಲೆಕ್ಕದ ಮೇಷ್ಟರಿಗೆ ಖಜಾನೆ ಸಿಕ್ಕಿತು ಎಂದು ಜನ ನಕ್ಕಿರಬೇಕು. ನಾಲ್ಕು ವಾರದೊಳಗೆ, ಬೆರಳೆಣಿಕೆಯ ಮತಗಳ ಅಂತರದಲ್ಲಿ ಸೋತು ಇಳಿದ. ತೆರಿಗೆ ಯಾರ ಮೇಲೆ ಬೀಳಬೇಕೆಂಬುದು ಯಾವ ಸಮೀಕರಣಕ್ಕೂ ಸಿಗುವಂಥದಲ್ಲ.

ಇಳಿದ ಕೆಲವೇ ದಿನಗಳಲ್ಲಿ ಮತ್ತೆ ಯುದ್ಧಮಂತ್ರಿ. ಈ ಬಾರಿ 1929ರವರೆಗೆ. ಕಡ್ಡಾಯ ಸೈನಿಕ ಸೇವೆಯನ್ನು ಒಂದು ವರ್ಷಕ್ಕೆ ಇಳಿಸಿದ ಕಾನೂನು ಈ ಅವಧಿಯದು. ಜರ್ಮನಿಯ ಗಡಿಯುದ್ದಕ್ಕೂ ನೆಲದಡಿಯ ಕೋಟೆಗಳ ಸಾಲು ಕಟ್ಟುವ ಯೋಜನೆ ರೂಪ ತಾಳಿ, ಮೊದಲ ಕಾಮಗಾರಿ ಶುರುವಾದದ್ದೂ ಆಗಲೇ. ಹಣ ಮಂಜೂರಾದದ್ದು ನಂತರ ಬಂದ ಆಂದ್ರೆ ಮಜಿನೊ ಕಾಲದಲ್ಲಾದ್ದರಿಂದ ‘ಮಜಿನೊ ರೇಖೆ’ ಎಂದು ಹೆಸರಾಯಿತು. 1917ರ ಹೆಣಗಳ ರಾಶಿಯನ್ನು ನೋಡಿದವನಿಗೆ ಕಾಂಕ್ರೀಟಿನ ಗೋಡೆಯೇ ಕ್ಷೇಮವೆನಿಸಿದ್ದರೆ ಆಶ್ಚರ್ಯವಿಲ್ಲ. 1940ರಲ್ಲಿ ಜರ್ಮನ್ನರು ಆ ರೇಖೆಯನ್ನು ಬಳಸಿ, ಆರ್ಡೆನ್ ಕಾಡಿನ ಮೂಲಕ ನುಗ್ಗಿದರು. ಆತನೇ ಆರಿಸಿದ್ದ ಪೆತಾಂ ಹಿಟ್ಲರನಿಗೆ ಶರಣಾದ. ಇದನ್ನೆಲ್ಲ ನೋಡಲು ಪೆನ್ಲೆವೆ ಇರಲಿಲ್ಲ. 1930ರಿಂದ ಎರಡು ಬಾರಿ ವಾಯುಯಾನ ಮಂತ್ರಿಯಾಗಿ, 1933ರ ಅಕ್ಟೋಬರ್ 29ರಂದು ತೀರಿಕೊಂಡಿದ್ದ. ಮಹಾಪುರುಷರನ್ನು ಮಲಗಿಸುವ ಪ್ಯಾಂಥಿಯನ್‌ನಲ್ಲಿ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು. ಸೋರ್ಬೋನ್ ವಿಶ್ವವಿದ್ಯಾಲಯದ ಎದುರಿನ ಪುಟ್ಟ ಚೌಕಕ್ಕೆ ಆತನ ಹೆಸರಿದೆ.

ಆ ಆರು ಸಮೀಕರಣಗಳು ನಾಲ್ಕು ದಶಕ ಧೂಳು ತಿಂದು, 1970ರ ದಶಕದಲ್ಲಿ ಅನಿರೀಕ್ಷಿತವಾಗಿ ಎದ್ದುಬಂದವು. ಅಯಸ್ಕಾಂತದ ಕಣಗಳು ತಾಪಕ್ಕೆ ತಕ್ಕಂತೆ ಹೇಗೆ ಸಾಲುಗಟ್ಟುತ್ತವೆ ಎಂಬುದನ್ನು ಹುಡುಕುತ್ತಿದ್ದ ಭೌತವಿಜ್ಞಾನಿಗಳಿಗೆ ಕೊನೆಯಲ್ಲಿ ಸಿಕ್ಕಿದ್ದು ಪೆನ್ಲೆವೆಯ ಮೂರನೆಯ ಸಮೀಕರಣ. ಆಮೇಲೆ ಅವು ಒಂದೊಂದಾಗಿ ಹತ್ತು ಕಡೆ ತಲೆಯೆತ್ತಿವೆ. ಸ್ಟಾಕ್‌ಹೋಮಿನಲ್ಲಿ ಬಿಟ್ಟುಬಂದಿದ್ದ ಊಹೆಗೆ ಮಾತ್ರ ಇನ್ನೂ ಹೆಚ್ಚು ಕಾಲ ಹಿಡಿಯಿತು. ಐದು ಕಾಯಗಳ ಮಟ್ಟಿಗೆ ಅದು ನಿಜವೆಂದು ಚೀನಾ ಮೂಲದ ಗಣಿತಜ್ಞ ಝಿಹಾಂಗ್ ಶಿಯಾ 1992ರಲ್ಲಿ ಸಾಧಿಸಿದ. ನಾಲ್ಕು ಕಾಯಗಳ ಪ್ರಶ್ನೆ ಉಳಿದಿತ್ತು. ಅದಕ್ಕೂ ಚೀನಾದ ಜಿನ್‌ಶಿನ್ ಶುಯೆ ಸಾಧನೆ ಒದಗಿಸಿದ; ಅದು 2020ರಲ್ಲಿ ಅಚ್ಚಾದದ್ದು ‘ಆಕ್ಟಾ ಮ್ಯಾಥಮ್ಯಾಟಿಕಾ’ ಎಂಬ ಸ್ವೀಡನ್ನಿನ ಪತ್ರಿಕೆಯಲ್ಲಿ.